ಬಡತನದ ಕಾರಣ ಕೇಳಿದ ಪಾದ್ರಿಗಳು ಮತ್ತು ನಮ್ಮ ಸಿದ್ಧ ಉತ್ತರಗಳು

ಲ್ಯಾಟಿನ್ ಅಮೇರಿಕಾದ ಕ್ರೈಸ್ತ ಪಾದ್ರಿಗಳು ರೂಪಿಸಿದ ‘ವಿಮೋಚನಾ ದೈವಶಾಸ್ತ್ರ’ದ ಕುರಿತು ನಮ್ಮ ಗೋಷ್ಠಿಗಳಲ್ಲಿ ಮಾತೆತ್ತಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, ‘ಅದು ನಿಲುವಂಗಿ ತೊಟ್ಟ ಕಮ್ಯುನಿಸಂ; ಧರ್ಮದ ಹೆಸರಿನಲ್ಲಿ ಮಾರ್ಕ್ಸ್‌ನನ್ನು ಒಳತಂದ ತಂತ್ರ.’ ಇನ್ನೊಂದು, ‘ನಮಗೆ ಝಕಾತ್ ಇದೆ, ಬಡವರ ಸಮಸ್ಯೆಯನ್ನು ಇಸ್ಲಾಮ್ ಹದಿನಾಲ್ಕು ಶತಮಾನಗಳ ಹಿಂದೆಯೇ ಬಗೆಹರಿಸಿದೆ, ಅವರಿಂದ ಕಲಿಯಬೇಕಾದದ್ದೇನೂ ಇಲ್ಲ.’ ಮೊದಲನೆಯದನ್ನು ಹೇಳುವವರು ಆ ಪಾದ್ರಿಗಳನ್ನು ಓದಿರುವುದಿಲ್ಲ. ಎರಡನೆಯದನ್ನು ಹೇಳುವವರು ಝಕಾತನ್ನೇ ಸರಿಯಾಗಿ ಓದಿರುವುದಿಲ್ಲ. ಇದು ನನ್ನ ಆರೋಪ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಈಸಾ(ಅ)ರ ಕುರಿತು ಅವರ ವಿಶ್ವಾಸ ಬೇರೆ, ನಮ್ಮ ವಿಶ್ವಾಸ ಬೇರೆ. ಆ ಅಂತರವನ್ನು ಅಳಿಸುವ ಉದ್ದೇಶ ನನಗಿಲ್ಲ. ಆದರೆ ಒಂದು ಜನವಿಭಾಗದ ಮೇಲಿನ ಅಸಮಾಧಾನವು ನಮ್ಮನ್ನು ಅನ್ಯಾಯಕ್ಕೆ ಪ್ರೇರೇಪಿಸಬಾರದೆಂದು ಅಲ್‌ಮಾಇದಾ ಅಧ್ಯಾಯವು ನಮಗೆ ಆಜ್ಞಾಪಿಸಿದೆ. ಓದದೆಯೇ ತೀರ್ಪು ಕೊಡುವುದು ಅನ್ಯಾಯದ ಅತ್ಯಂತ ಸುಲಭವಾದ ರೂಪ.

ಲ್ಯಾಟಿನ್ ಅಮೇರಿಕಾಕ್ಕೆ ಕ್ರೈಸ್ತ ಧರ್ಮವು ವಿಜೇತರ ಹಡಗಿನಲ್ಲಿಯೇ ಬಂದಿಳಿಯಿತು. ಸ್ಪೇನಿನ ಆಡಳಿತವು ‘ಎನ್‌ಕೊಮಿಯೆಂದಾ’ ಎಂಬ ಪದ್ಧತಿಯಡಿ ಅಲ್ಲಿನ ಮೂಲನಿವಾಸಿಗಳನ್ನು ತನ್ನ ವಸಾಹತುಗಾರರಿಗೆ ಹಂಚಿಕೊಟ್ಟಿತು. ಅವರಿಗೆ ಧರ್ಮ ಕಲಿಸುವುದು ಧಣಿಯ ಹೊಣೆ. ಧಣಿಗಾಗಿ ಗಣಿಯಲ್ಲಿ, ಹೊಲದಲ್ಲಿ ದುಡಿದು ಸಾಯುವುದು ಅವರ ಪಾಲು. 1511ರಲ್ಲಿ ಹಿಸ್ಪನಿಯೋಲಾ ದ್ವೀಪದಲ್ಲಿ ಆಂತೋನಿಯೊ ದೆ ಮಾಂತೆಸಿನೊಸ್ ಎಂಬ ಡೊಮಿನಿಕನ್ ಸನ್ಯಾಸಿ, ಧಣಿಗಳೇ ಮುಂದಿನ ಸಾಲಿನಲ್ಲಿ ಕುಳಿತಿದ್ದ ಪ್ರಾರ್ಥನಾ ಸಭೆಯಲ್ಲಿ, ಯಾವ ಅಧಿಕಾರದಿಂದ ಈ ಜನರನ್ನು ಹೀಗೆ ದುಡಿಸುತ್ತಿದ್ದೀರಿ ಎಂದು ಕೇಳಿದರು. ಧಣಿಗಳು ಕೆರಳಿ ದೊರೆಗೆ ದೂರು ಕೊಟ್ಟರು. ಸ್ವತಃ ಅಂಥ ಧಣಿಯಾಗಿದ್ದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಮುಂದೆ ತನ್ನ ಪಾಲಿನ ಆಳುಗಳನ್ನು ಬಿಟ್ಟುಕೊಟ್ಟು ಜೀವನದುದ್ದಕ್ಕೂ ಮೂಲನಿವಾಸಿಗಳ ಪರ ವಾದಿಸಿದರು. ಆದರೆ ಅದೇ ಲಾಸ್ ಕಾಸಾಸ್ ಒಂದು ಕಾಲದಲ್ಲಿ, ಇವರ ಬದಲು ಆಫ್ರಿಕಾದ ಗುಲಾಮರನ್ನು ತರಿಸಬಹುದೆಂದು ಸಲಹೆ ಕೊಟ್ಟಿದ್ದರು. ಅದಕ್ಕಾಗಿ ಕೊನೆಗಾಲದಲ್ಲಿ ಪಶ್ಚಾತ್ತಾಪಪಟ್ಟು ಬರೆದರು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಒಂದು ಅನ್ಯಾಯವನ್ನು ಕಂಡವನ ಕಣ್ಣಿಗೂ ಪಕ್ಕದ ಅನ್ಯಾಯ ಕಾಣದೆ ಹೋಗಬಹುದು.

ಇಂಥ ಕೆಲವು ಧ್ವನಿಗಳನ್ನು ಬಿಟ್ಟರೆ, ನಾಲ್ಕು ಶತಮಾನಗಳ ಕಾಲ ಚರ್ಚಿನ ಆಡಳಿತ ವರ್ಗವು ಜಮೀನ್ದಾರರ ಮತ್ತು ಸೇನಾಧಿಕಾರಿಗಳ ಪಕ್ಕದಲ್ಲಿಯೇ ಕುಳಿತಿತ್ತು. ಬಡವನಿಗೆ ಕೊಟ್ಟ ಉಪದೇಶ ಒಂದೇ: ಸಹಿಸಿಕೋ, ಪರಲೋಕದಲ್ಲಿ ಪ್ರತಿಫಲವಿದೆ. ಈ ಉಪದೇಶ ನಮ್ಮ ಕಿವಿಗೂ ಅಪರಿಚಿತವಲ್ಲ. ಸಬ್ರ್ ಎಂಬ ಮಹಾನ್ ಗುಣವನ್ನು ಧನಿಕನು ಬಡವನಿಗೆ ಬೋಧಿಸತೊಡಗಿದಾಗ ಅದರ ಅರ್ಥವೇ ಬದಲಾಗಿಬಿಡುತ್ತದೆ.

1968ರಲ್ಲಿ ಕೊಲಂಬಿಯಾದ ಮೆದೆಯಿನ್ ನಗರದಲ್ಲಿ ಲ್ಯಾಟಿನ್ ಅಮೇರಿಕಾದ ಬಿಷಪರು ಸಭೆ ಸೇರಿ, ತಮ್ಮ ಖಂಡದ ಬಡತನವು ವಿಧಿಲಿಖಿತವಲ್ಲ, ಅದು ಅನ್ಯಾಯದ ಫಲ ಎಂದು ಬಹಿರಂಗವಾಗಿ ಘೋಷಿಸಿದರು. 1971ರಲ್ಲಿ ಪೆರು ದೇಶದ ಪಾದ್ರಿ ಗುಸ್ತಾವೊ ಗುತಿಯೆರೆಸ್ ಬರೆದ ಗ್ರಂಥವು ಈ ಚಿಂತನೆಗೆ ಹೆಸರನ್ನು ಕೊಟ್ಟಿತು. ಲಿಮಾ ನಗರದ ರಿಮಾಕ್ ಎಂಬ ಬಡ ಪ್ರದೇಶದಲ್ಲಿ ಸೇವೆ ಸಲ್ಲಿಸಿದ ಅವರು 2024ರ ಅಕ್ಟೋಬರ್‌ನಲ್ಲಿ 96ರ ವಯಸ್ಸಿನಲ್ಲಿ ನಿಧನರಾದರು. ಅವರ ವಾದದ ತಿರುಳು ಬಹಳ ಸರಳ. ಹೊಟ್ಟೆಗಿಲ್ಲದ ಬಡತನವು ದೇವನ ಇಚ್ಛೆಯಲ್ಲ, ಅದೊಂದು ಕೇಡು. ಅದನ್ನು ಮನುಷ್ಯರು ನಿರ್ಮಿಸಿದ್ದಾರೆ, ಮನುಷ್ಯರೇ ಅದರಿಂದ ಲಾಭ ಪಡೆಯುತ್ತಿದ್ದಾರೆ. ಪಾಪವೆಂಬುದು ವ್ಯಕ್ತಿಯ ಮನಸ್ಸಿನೊಳಗೆ ಮಾತ್ರ ಇರುವುದಿಲ್ಲ. ಭೂಮಿಯ ಒಡೆತನದಲ್ಲಿ, ಕೂಲಿಯ ದರದಲ್ಲಿ, ಸಾಲದ ಬಡ್ಡಿಯಲ್ಲಿ, ನ್ಯಾಯಾಲಯದ ಬಾಗಿಲಿನಲ್ಲಿಯೂ ಅದು ನೆಲೆಸಿರುತ್ತದೆ. ಆದ್ದರಿಂದ ಬಡವನ ಪಕ್ಷದಲ್ಲಿ ನಿಲ್ಲದವನು ದೇವನ ಪಕ್ಷದಲ್ಲಿ ನಿಂತಿದ್ದೇನೆಂದು ಹೇಳಿಕೊಳ್ಳಲಾರ.

ಬ್ರೆಜಿಲ್‌ನ ಹಳ್ಳಿಗಳಲ್ಲಿ, ಕೊಳೆಗೇರಿಗಳಲ್ಲಿ ಅನಕ್ಷರಸ್ಥ ಕೂಲಿಕಾರರು ಸಣ್ಣ ಸಣ್ಣ ಗುಂಪುಗಳಾಗಿ ಕುಳಿತು ತಮ್ಮ ಬದುಕಿನ ಬೆಳಕಿನಲ್ಲಿ ಬೈಬಲ್ ಓದತೊಡಗಿದರು. ಅವರು ಮತ್ತೆ ಮತ್ತೆ ಮರಳಿದ್ದು ಯಾವ ಕಥೆಗೆ ಗೊತ್ತೇ? ಮೂಸಾ(ಅ) ಮತ್ತು ಫಿರ್‌ಔನನ ಕಥೆಗೆ. ಕುರ್‌ಆನ್‌ನಲ್ಲಿ ಬೇರೆಲ್ಲ ಪ್ರವಾದಿಗಳಿಗಿಂತ ಹೆಚ್ಚು ಬಾರಿ ಬರುವ ಹೆಸರು ಮೂಸಾ(ಅ)ರದು. ಭೂಮಿಯಲ್ಲಿ ದುರ್ಬಲಗೊಳಿಸಲ್ಪಟ್ಟವರಿಗೆ ಅನುಗ್ರಹ ತೋರಿ ಅವರನ್ನೇ ನಾಯಕರನ್ನಾಗಿಸುವ ಅಲ್ಲಾಹನ ಸಂಕಲ್ಪವನ್ನು ಅಲ್‌ಕಸಸ್ ಅಧ್ಯಾಯದ ಆರಂಭದಲ್ಲಿಯೇ ನಾವು ಓದುತ್ತೇವೆ. ‘ಮುಸ್ತದ್‌ಅಫೀನ್’ ಎಂಬ ಪದವನ್ನು ಗಮನಿಸಿ. ದುರ್ಬಲರು ಎಂದಷ್ಟೇ ಅದರ ಅರ್ಥವಲ್ಲ. ದುರ್ಬಲಗೊಳಿಸಲ್ಪಟ್ಟವರು. ಗೊಳಿಸಿದವರು ಯಾರೋ ಇದ್ದಾರೆ ಎಂಬುದನ್ನು ಆ ಪದವೇ ಹೇಳುತ್ತದೆ. ಗುತಿಯೆರೆಸ್ ಒಂದು ಗ್ರಂಥದುದ್ದಕ್ಕೂ ವಾದಿಸಿದ ಸಂಗತಿಯು ನಮ್ಮಲ್ಲಿ ಒಂದು ಪದದೊಳಗಿದೆ. ನಾವು ಅದನ್ನು ಸುಶ್ರಾವ್ಯವಾಗಿ ಪಠಿಸುತ್ತೇವೆ.

ಈಗ ಎಲ್ ಸಾಲ್ವಡೋರ್ ಎಂಬ ಪುಟ್ಟ ದೇಶಕ್ಕೆ ಬರೋಣ. ಕಾಫಿ ತೋಟಗಳ ಕೆಲವೇ ಕುಟುಂಬಗಳು ಇಡೀ ದೇಶದ ಭೂಮಿಯನ್ನೂ ಆಡಳಿತವನ್ನೂ ಮುಷ್ಟಿಯಲ್ಲಿ ಹಿಡಿದಿದ್ದ ನಾಡು ಅದು. 1932ರಲ್ಲಿ ಬಂಡೆದ್ದ ರೈತಾಪಿ ಜನರನ್ನು ಸೇನೆಯು ಸಾವಿರಾರು ಸಂಖ್ಯೆಯಲ್ಲಿ ಕೊಂದುಹಾಕಿತ್ತು. 1977ರಲ್ಲಿ ರಾಜಧಾನಿಯ ಮಹಾಧರ್ಮಾಧ್ಯಕ್ಷರಾಗಿ ಆಸ್ಕರ್ ರೊಮೆರೊ ನೇಮಕಗೊಂಡಾಗ ಶ್ರೀಮಂತರಿಗೆ ಸಂತೋಷವಾಯಿತು. ಪುಸ್ತಕ ಓದಿಕೊಂಡು, ಪ್ರಾರ್ಥನೆ ಮಾಡಿಕೊಂಡು ತಮ್ಮ ಪಾಡಿಗೆ ತಾವಿರುವ ಮನುಷ್ಯ ಎಂಬುದು ಅವರ ಲೆಕ್ಕಾಚಾರ. ಅದಾಗಿ ಕೆಲವೇ ವಾರಗಳಲ್ಲಿ, ಮಾರ್ಚ್ 12ರಂದು, ಕಬ್ಬಿನ ತೋಟದ ಕೂಲಿಗಳ ನಡುವೆ ಕೆಲಸ ಮಾಡುತ್ತಿದ್ದ ಅವರ ಗೆಳೆಯ, ಜೆಸ್ವಿಟ್ ಪಾದ್ರಿ ರುತಿಲಿಯೊ ಗ್ರಾಂದೆಯನ್ನು ದಾರಿಯಲ್ಲಿ ಗುಂಡಿಟ್ಟು ಕೊಲ್ಲಲಾಯಿತು; ಜೊತೆಗಿದ್ದ ಒಬ್ಬ ವೃದ್ಧನನ್ನೂ ಒಬ್ಬ ಹುಡುಗನನ್ನೂ ಬಿಡಲಿಲ್ಲ. ರೊಮೆರೊ ಅಲ್ಲಿಂದ ಬೇರೆಯೇ ಮನುಷ್ಯರಾದರು. ಮರುವಾರದ ಭಾನುವಾರ ತಮ್ಮ ವ್ಯಾಪ್ತಿಯ ಎಲ್ಲ ಚರ್ಚುಗಳ ಪೂಜೆಯನ್ನೂ ರದ್ದುಗೊಳಿಸಿ ಪ್ರಧಾನ ಚರ್ಚಿನಲ್ಲಿ ಒಂದೇ ಬಲಿಪೂಜೆ ನಡೆಸಿದರು. ಕೊಲೆಯ ತನಿಖೆಯಾಗುವ ತನಕ ಸರಕಾರಿ ಸಮಾರಂಭಗಳಿಗೆ ಬರುವುದಿಲ್ಲವೆಂದರು. ಮುಂದಿನ ಮೂರು ವರ್ಷಗಳ ಕಾಲ ಪ್ರತಿ ಭಾನುವಾರ ಚರ್ಚಿನ ರೇಡಿಯೋದಲ್ಲಿ, ಆ ವಾರ ಕೊಲ್ಲಲ್ಪಟ್ಟವರ, ಕಣ್ಮರೆಯಾದವರ ವಿವರಗಳನ್ನು ಜನತೆಗೆ ತಿಳಿಸಿದರು. ಪತ್ರಿಕೆಗಳು ಮುಚ್ಚಿಟ್ಟ ಹೆಸರುಗಳು ಧರ್ಮಪ್ರವಚನದಲ್ಲಿ ಕೇಳಿಬಂದವು.

1980ರ ಫೆಬ್ರವರಿಯಲ್ಲಿ ಅವರು ಅಮೇರಿಕಾದ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ ಪತ್ರ ಬರೆದು, ತಮ್ಮ ದೇಶದ ಸೇನೆಗೆ ನೆರವು ಕೊಡಬೇಡಿರೆಂದು ಕೋರಿದರು. ಮಾರ್ಚ್ 23ರ ಪ್ರವಚನದಲ್ಲಿ ನೇರವಾಗಿ ಸೈನಿಕರನ್ನು ಉದ್ದೇಶಿಸಿ, ದೇವನ ನಿಯಮಕ್ಕೆ ವಿರುದ್ಧವಾದ ಆದೇಶವನ್ನು ಪಾಲಿಸಬೇಕಾದ ಹೊಣೆ ಯಾವ ಸೈನಿಕನಿಗೂ ಇಲ್ಲ ಎಂದರು. ಸೃಷ್ಟಿಕರ್ತನ ಆಜ್ಞೆಯನ್ನು ಮೀರಿ ಸೃಷ್ಟಿಗೆ ವಿಧೇಯತೆಯಿಲ್ಲ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಬಲ್ಲ ನಮಗೆ ಈ ಮಾತಿನ ಭಾರ ತಿಳಿಯುತ್ತದೆ. ಮರುದಿನ ಸಂಜೆ, ಕ್ಯಾನ್ಸರ್ ರೋಗಿಗಳ ಆಸ್ಪತ್ರೆಯೊಂದರ ಪ್ರಾರ್ಥನಾ ಮಂದಿರದಲ್ಲಿ ಬಲಿಪೀಠದ ಬಳಿ ನಿಂತಿದ್ದ ರೊಮೆರೊರ ಎದೆಗೆ ಗುಂಡು ಹೊಕ್ಕಿತು. ಕೊಲೆಗೆ ಆಜ್ಞೆ ಕೊಟ್ಟವನು ಮಾಜಿ ಸೇನಾಧಿಕಾರಿ ರಾಬರ್ತೊ ದಾಬ್ವಿಸಾನ್ ಎಂದು ವಿಶ್ವಸಂಸ್ಥೆಯ ಆಶ್ರಯದ ಸತ್ಯಶೋಧನಾ ಆಯೋಗವು 1993ರಲ್ಲಿ ವರದಿ ಕೊಟ್ಟಿತು. 1989ರ ನವೆಂಬರ್ 16ರಂದು ಅದೇ ನಗರದ ವಿಶ್ವವಿದ್ಯಾನಿಲಯದ ಆವರಣದಲ್ಲಿ ಆರು ಮಂದಿ ಜೆಸ್ವಿಟ್ ಪಾದ್ರಿಗಳನ್ನೂ, ಅವರ ಅಡುಗೆ ಕೆಲಸದ ಮಹಿಳೆಯನ್ನೂ, ಆಕೆಯ ಹದಿಹರೆಯದ ಮಗಳನ್ನೂ ಸೇನೆಯವರು ಕೊಂದರು. ಆ ದೇಶದ ಅಂತರ್ಯುದ್ಧದಲ್ಲಿ ಸತ್ತವರು ಸುಮಾರು 75 ಸಾವಿರ.

ಈಗ ಮೊದಲ ಸಿದ್ಧ ಉತ್ತರಕ್ಕೆ ಮರಳೋಣ. ರೊಮೆರೊ ಕಮ್ಯುನಿಸ್ಟರೇ? ಅವರು ಕೊನೆಯ ತನಕ ಸಂಪ್ರದಾಯನಿಷ್ಠ ಕ್ಯಾಥೊಲಿಕರು. ಬ್ರೆಜಿಲ್‌ನ ಬಿಷಪ್ ಎಲ್ದರ್ ಕಮಾರಾ ಹೇಳಿದರೆಂದು ಪ್ರಸಿದ್ಧವಾದ ಮಾತಿನ ಸಾರವಿಷ್ಟು: ಬಡವನಿಗೆ ಊಟ ಕೊಟ್ಟಾಗ ಜನ ತಮ್ಮನ್ನು ಸಂತನೆಂದರು, ಅವನೇಕೆ ಬಡವನೆಂದು ಕೇಳಿದಾಗ ಕಮ್ಯುನಿಸ್ಟನೆಂದರು. ಈ ಬಿರುದಿನ ಚರಿತ್ರೆ ಕಮ್ಯುನಿಸಂಗಿಂತ ಬಹಳ ಹಳೆಯದು. ಅಳತೆಯಲ್ಲಿ, ತೂಕದಲ್ಲಿ ಮೋಸ ಮಾಡಬೇಡಿರೆಂದು ಪ್ರವಾದಿ ಶುಐಬ್(ಅ) ಹೇಳಿದಾಗ ಮದ್‌ಯನ್‌ನ ಜನರು ಏನು ಕೇಳಿದರು? ನಮ್ಮ ಸೊತ್ತನ್ನು ನಮ್ಮಿಚ್ಛೆಯಂತೆ ಬಳಸಬಾರದೆಂದು ನಿನ್ನ ನಮಾಝ್ ನಿನಗೆ ಕಲಿಸುತ್ತದೆಯೇ ಎಂದು! ಹೂದ್ ಅಧ್ಯಾಯದ ಈ ಸಂಭಾಷಣೆಯನ್ನು ಮನಸ್ಸಿಟ್ಟು ಓದಿರಿ. ಅವರು ಶುಐಬ(ಅ)ರ ನಮಾಝನ್ನು ಅಲ್ಲಿ ಆಕ್ಷೇಪಿಸಿದ್ದು ಅದು ಮಾರುಕಟ್ಟೆಯೊಳಗೆ ಕಾಲಿಟ್ಟದ್ದಕ್ಕಾಗಿ. ಸಾನ್ ಸಾಲ್ವಡೋರ್‌ನ ಕಾಫಿ ದೊರೆಗಳ ತಕರಾರು ಅಕ್ಷರಶಃ ಅದೇ. ‘ಪ್ರಾರ್ಥನೆ ಮಾಡಿಸಿ, ಕೂಲಿಯ ಮಾತು ಬೇಡ.’ ಅವರ ಬಾಯಿಯ ಮಾತನ್ನು ನಾವು, ಶುಐಬ(ಅ)ರ ವಾರಸುದಾರರು, ಏಕೆ ಎತ್ತಿಕೊಂಡು ಆಡಬೇಕು?

ಹಾಗೆಂದು ಆ ಚಳುವಳಿಯಲ್ಲಿ ತಪ್ಪುಗಳಿರಲಿಲ್ಲವೆಂದು ನಾನು ಹೇಳಲಾರೆ. ಕೊಲಂಬಿಯಾದ ಪಾದ್ರಿ ಕಮಿಲೊ ತೋರೆಸ್ ಬಂದೂಕು ಹಿಡಿದು ಗೆರಿಲ್ಲಾ ಪಡೆ ಸೇರಿ 1966ರಲ್ಲಿ ಮೊದಲ ಕಾಳಗದಲ್ಲಿಯೇ ಸತ್ತರು. ಅದರಿಂದ ಯಾವ ಬಡವನ ಮನೆಗೂ ಅನ್ನ ಬರಲಿಲ್ಲ. ನಿಕರಾಗುವಾದಲ್ಲಿ ಕವಿ-ಪಾದ್ರಿ ಅರ್ನೆಸ್ತೊ ಕಾರ್ದೆನಾಲ್ ಕ್ರಾಂತಿಕಾರಿ ಸರಕಾರದಲ್ಲಿ ಮಂತ್ರಿಯಾದರು. 1983ರಲ್ಲಿ ವಿಮಾನ ನಿಲ್ದಾಣದಲ್ಲಿ ಮಂಡಿಯೂರಿದ್ದ ಅವರಿಗೆ ಪೋಪ್ ಎರಡನೇ ಜಾನ್ ಪಾಲ್ ಬೆರಳು ತೋರಿ ಗದರಿದ ದೃಶ್ಯವನ್ನು ಲೋಕವೇ ಕಂಡಿತು. ಅದೇ ಕ್ರಾಂತಿಯ ನಾಯಕ ಡೇನಿಯಲ್ ಒರ್ತೆಗಾ ಮುಂದೆ ಸರ್ವಾಧಿಕಾರಿಯಾದಾಗ ಕಾರ್ದೆನಾಲ್ ಅವನ ಕಟು ಟೀಕಾಕಾರರಾದರು; ಇತ್ತೀಚೆಗೆ ಆ ಸರಕಾರ ಬಿಷಪ್ ರೊಲಾಂದೊ ಆಲ್ವಾರೆಸ್‌ರನ್ನು ಸೆರೆಗೆ ತಳ್ಳಿ, 2024ರಲ್ಲಿ ದೇಶದಿಂದಲೇ ಹೊರಗಟ್ಟಿತು. ಧರ್ಮವನ್ನು ಒಂದು ಪಕ್ಷದ ಗೂಟಕ್ಕೆ ಕಟ್ಟಿದರೆ ಆಗುವುದು ಹೀಗೆ. ಬಡವನ ಪಕ್ಷ ಬೇರೆ, ಬಡವನ ಹೆಸರು ಹೇಳುವ ಪಕ್ಷ ಬೇರೆ.

ರೋಮ್‌ನ ಪ್ರತಿಕ್ರಿಯೆಯೂ ನಮ್ಮವರು ತಿಳಿದಷ್ಟು ಸರಳವಲ್ಲ. 1984ರಲ್ಲಿ ಕಾರ್ಡಿನಲ್ ರಾಟ್ಸಿಂಗರ್ — ಮುಂದೆ ಪೋಪ್ ಹದಿನಾರನೇ ಬೆನೆಡಿಕ್ಟ್ ಆದವರು — ಮಾರ್ಕ್ಸ್‌ವಾದಿ ವಿಶ್ಲೇಷಣೆಯನ್ನು ಎರವಲು ಪಡೆಯುವುದರ ವಿರುದ್ಧ ಎಚ್ಚರಿಸಿದರು. ಬ್ರೆಜಿಲ್‌ನ ಲಿಯೊನಾರ್ದೊ ಬಾಫ್‌ರನ್ನು ಕರೆಸಿ ವಿಚಾರಿಸಿ, 1985ರಲ್ಲಿ ಮೌನ ವಿಧಿಸಲಾಯಿತು. 1992ರಲ್ಲಿ ಅವರು ಪಾದ್ರಿತನವನ್ನೇ ತೊರೆದರು. ಆದರೆ ರಾಟ್ಸಿಂಗರ್ ಬರೆದ ಆ ಎಚ್ಚರಿಕೆಯ ಆರಂಭದಲ್ಲಿಯೇ, ಬಡವರ ಸಂಕಟದ ಮುಂದೆ ತಟಸ್ಥವಾಗಿ ಕುಳಿತವರು ಇದನ್ನು ನೆಪ ಮಾಡಿಕೊಳ್ಳಬಾರದೆಂಬ ಮಾತೂ ಇತ್ತು. ಆ ಭಾಗವನ್ನು ಯಾರೂ ಉದ್ಧರಿಸುವುದಿಲ್ಲ. 1986ರಲ್ಲಿ ಜಾನ್ ಪಾಲ್ ಅವರೇ ಬ್ರೆಜಿಲ್‌ನ ಬಿಷಪರಿಗೆ ಬರೆದ ಪತ್ರದಲ್ಲಿ, ಸರಿಯಾದ ಅರ್ಥದಲ್ಲಿ ಈ ದೈವಶಾಸ್ತ್ರವು ಉಪಯುಕ್ತವೂ ಅಗತ್ಯವೂ ಆಗಿದೆ ಎಂದರು. ರೊಮೆರೊಗೆ ಸಂತ ಪದವಿ ಸಿಕ್ಕಿದ್ದು 2018ರಲ್ಲಿ. 38 ವರ್ಷ ಬೇಕಾಯಿತು. ಗುಂಡು ಹಾರಿಸಿದವರಿಗೆ ಅವರು ಯಾರೆಂದು ಗೊತ್ತಾಗಲು ಅಷ್ಟು ಕಾಲ ಬೇಕಾಗಿರಲಿಲ್ಲ.

ಈ ಧ್ವನಿಯನ್ನು ಅಡಗಿಸಿದ ಮೇಲೆ ಆ ಜಾಗ ಖಾಲಿಯಾಗಿಯೇನೂ ಉಳಿಯಲಿಲ್ಲ. ಕಾಣಿಕೆ ಕೊಟ್ಟರೆ ದೇವರು ಹಣ ಕೊಡುತ್ತಾನೆ, ಶ್ರೀಮಂತಿಕೆಯೇ ಅನುಗ್ರಹದ ಗುರುತು ಎಂದು ಸಾರುವ ‘ಸಮೃದ್ಧಿಯ ಸುವಾರ್ತೆ’ ಅದೇ ಕೊಳೆಗೇರಿಗಳಲ್ಲಿ ಹಬ್ಬಿತು. 2014ರಲ್ಲಿ ಸಾವೊ ಪಾವ್ಲೊ ನಗರದಲ್ಲಿ ಅಂಥದೊಂದು ಸಭೆ ಸುಲೈಮಾನ್(ಅ)ರ ದೇವಾಲಯದ ಪ್ರತಿಕೃತಿಯೆಂದು ಬೃಹತ್ ಕಟ್ಟಡವನ್ನೇ ಎಬ್ಬಿಸಿತು. ನಗಬೇಡಿ. ವ್ಯಾಪಾರ ಹೆಚ್ಚಲು ಇಷ್ಟು ಸದಕಾ, ಬರಕತ್‌ಗೆ ಇಷ್ಟು ದಿಕ್ರ್ ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ನಾವೆಲ್ಲರೂ ಮುಂದಕ್ಕೆ ಕಳುಹಿಸಿದ್ದೇವೆ.

ಎರಡನೆಯ ಉತ್ತರಕ್ಕೆ ಬರುತ್ತೇನೆ. ‘ನಮಗೆ ಝಕಾತ್ ಇದೆ.’ ಇದೆ, ಅಲ್‌ಹಮ್ದುಲಿಲ್ಲಾಹ್. ಆದರೆ ನಾವು ಅದನ್ನು ಏನು ಮಾಡಿದ್ದೇವೆ? ರಮಝಾನ್ ತಿಂಗಳಲ್ಲಿ ಗೇಟಿನ ಮುಂದೆ ಬುರ್ಖಾ ತೊಟ್ಟ ಹೆಂಗಸರ ಸಾಲು, ಅಕ್ಕಿ, ಸಕ್ಕರೆ, ಎಣ್ಣೆ, ಖರ್ಜೂರದ ಒಂದು ಕಿಟ್, ಕೊಡುವವರ ಫೋಟೋ. ಮುಂದಿನ ವರ್ಷ ಅದೇ ಸಾಲು, ಅದೇ ಮುಖಗಳು, ಕೆಲವೊಮ್ಮೆ ತಾಯಿಯ ಬದಲು ಮಗಳು. ಅತ್ತೌಬಾ ಅಧ್ಯಾಯವು ಝಕಾತಿನ ಎಂಟು ಹಕ್ಕುದಾರರನ್ನು ಹೆಸರಿಸಿದೆ. ಅದರಲ್ಲಿ ದಾಸ್ಯದಿಂದ ಕೊರಳು ಬಿಡಿಸುವುದೂ ಇದೆ, ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಇವೆರಡೂ ಹಸಿವಿನ ಹೆಸರುಗಳಲ್ಲ, ಹಸಿವಿನ ಕಾರಣಗಳ ಹೆಸರುಗಳು. ಸಂಪತ್ತು ಧನಿಕರ ನಡುವೆಯೇ ಸುತ್ತುತ್ತಿರಬಾರದೆಂಬ ಅಲ್‌ಹಶ್ರ್ ಅಧ್ಯಾಯದ ನಿಯಮವು ದಾನದ ಮಾತಲ್ಲ, ವ್ಯವಸ್ಥೆಯ ಮಾತು. ಖಲೀಫಾ ಅಬೂಬಕ್ಕರ್(ರ) ಝಕಾತ್ ನಿರಾಕರಿಸಿದವರ ವಿರುದ್ಧ ನಿಂತದ್ದು ಅದು ಧನಿಕರ ಔದಾರ್ಯವಲ್ಲ, ಬಡವರ ಹಕ್ಕು ಎಂಬ ಕಾರಣಕ್ಕೆ. ಹಕ್ಕನ್ನು ಔದಾರ್ಯವನ್ನಾಗಿ ಪರಿವರ್ತಿಸಿದವರು ನಾವು. ಕಮಾರಾರನ್ನು ಸಂತನೆಂದು ಹೊಗಳಿದ ಜನರಿಗೂ ನಮಗೂ ಇಲ್ಲಿ ಏನು ವ್ಯತ್ಯಾಸವಿದೆ?

ಇದನ್ನು ಅರಿತ ಮುಸ್ಲಿಮರು ಇಲ್ಲದಿಲ್ಲ. ದಕ್ಷಿಣ ಆಫ್ರಿಕಾದ ಫರೀದ್ ಇಸಾಕ್ ಪಾಕಿಸ್ತಾನದ ಮದ್ರಸದಲ್ಲಿ ಕಲಿತವರು. ಬಾಲ್ಯದಲ್ಲಿ ತಮ್ಮ ಬಡ ಕುಟುಂಬವು ಕ್ರೈಸ್ತ ನೆರೆಯವರ ಆಸರೆಯಿಂದ ಬದುಕಿದ್ದನ್ನು ಅವರು ಬರೆದಿದ್ದಾರೆ. ವರ್ಣಭೇದ ನೀತಿಯ ವಿರುದ್ಧ 1980ರ ದಶಕದಲ್ಲಿ ಅವರು ಮತ್ತು ಗೆಳೆಯರು ಕ್ರೈಸ್ತರೊಂದಿಗೆ ಬೀದಿಗಿಳಿದಾಗ, ಅನ್ಯಧರ್ಮೀಯರೊಂದಿಗೆ ಸೇರುವುದೆಂತು ಎಂದು ಆಕ್ಷೇಪಿಸಿದ ವಿದ್ವಾಂಸರಿದ್ದರು. ಅದೇ ಕಾಲಕ್ಕೆ, 1985ರಲ್ಲಿ, ಅಲ್ಲಿನ ಕ್ರೈಸ್ತ ಚಿಂತಕರು ಹೊರತಂದ ‘ಕೈರೋಸ್’ ಪ್ರಕಟಣೆಯು, ನ್ಯಾಯವಿಲ್ಲದೆ ಸಾಮರಸ್ಯವನ್ನು ಮಾತ್ರ ಬೋಧಿಸುವ ತಮ್ಮದೇ ಚರ್ಚುಗಳನ್ನು ಕಟುವಾಗಿ ಟೀಕಿಸಿತು. ಇಸಾಕ್‌ರ ಎಲ್ಲ ವ್ಯಾಖ್ಯಾನಗಳನ್ನೂ ನಾನು ಒಪ್ಪುವುದಿಲ್ಲ. ಆದರೆ ಆಗ ಸುಮ್ಮನಿದ್ದ ವಿದ್ವಾಂಸರ ಫತ್ವಾಗಳಿಗಿಂತ ಆ ಯುವಕರ ಹೆಜ್ಜೆಗಳು ಕುರ್‌ಆನ್‌ಗೆ ಹತ್ತಿರವಿದ್ದವು.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಸ್ಥಾನವಿದೆ. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೈವಶಾಸ್ತ್ರ ಎಂಬ ಧಾರೆಯೇ ಹುಟ್ಟಿತು. ಭಾರತದ ಕ್ರೈಸ್ತರಲ್ಲಿ ಬಹುಪಾಲು ದಲಿತರಿರುವಾಗ, ಕ್ರೈಸ್ತ ಚಿಂತನೆ ಮಾತ್ರ ಮೇಲ್ಜಾತಿಯವರ ವೇದಾಂತದ ಭಾಷೆಯಲ್ಲಿ ಏಕೆ ನಡೆಯುತ್ತಿದೆ ಎಂಬುದು ಆ ಧಾರೆಯ ಪ್ರಶ್ನೆ. ದಲಿತ ಕ್ರೈಸ್ತರಿಗೆ ಕೆಲವೆಡೆ ಸ್ಮಶಾನದಲ್ಲಿಯೂ ಪ್ರತ್ಯೇಕ ಜಾಗ. ಇದನ್ನು ಕೇಳಿ ತಲೆಯಾಡಿಸುವ ನಾವು, ನಮ್ಮ ಪಿಂಜಾರ, ನದಾಫ್ ಸಹೋದರರ ಮನೆಗೆ ಮಗಳನ್ನು ಕೊಡುವಾಗ ಎಷ್ಟು ಬಾರಿ ಹಿಂಜರಿದಿಲ್ಲ? ಸ್ವಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿದರೆ ಸಾಕೇ?

ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟನ್ನು ಒಂದು ದಶಕಕ್ಕೂ ಹೆಚ್ಚು ಕಾಲ ಮುನ್ನಡೆಸಿದ ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ ಮುಂದೆ ಝಾರ್ಖಂಡಿನ ಆದಿವಾಸಿಗಳ ನಡುವೆ ನೆಲೆಸಿದರು. ಅವರು ಕೇಳಿದ್ದೂ ಕಾರಣವನ್ನೇ: ಈ ಆದಿವಾಸಿ ಯುವಕರು ವಿಚಾರಣೆಯೇ ಇಲ್ಲದೆ ಜೈಲಿನಲ್ಲಿ ಏಕೆ ಕೊಳೆಯುತ್ತಿದ್ದಾರೆ? 2020ರ ಅಕ್ಟೋಬರ್‌ನಲ್ಲಿ, 83ರ ಪ್ರಾಯದಲ್ಲಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಯುಎಪಿಎ ಅಡಿ ಅವರ ಬಂಧನವಾಯಿತು. ಆರೋಪಗಳನ್ನು ಅವರು ನಿರಾಕರಿಸಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಒಂದು ಸ್ಟ್ರಾ ಮತ್ತು ಸಿಪ್ಪರ್‌ಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ವಿಚಾರಣೆ ಆರಂಭವಾಗುವ ಮೊದಲೇ, ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ಕಾನೂನಿನಡಿ ವರ್ಷಗಟ್ಟಲೆ ಸೆರೆಯಲ್ಲಿರುವ ಯುವಕರ ತಾಯಂದಿರು ನಮ್ಮ ಸಮುದಾಯದಲ್ಲಿಯೂ ಇದ್ದಾರೆ. ಅವರಿಗೆ ಈ ಪಾದ್ರಿಯ ದೈವಶಾಸ್ತ್ರವನ್ನು ವಿವರಿಸಬೇಕಾದ ಅಗತ್ಯ ಬೀಳಲಾರದು.

ಇಷ್ಟನ್ನೂ ಓದಿ ‘ಹಾಗಾದರೆ ನಾವು ಮಾಡಬೇಕಾದದ್ದೇನು’ ಎಂದು ಕೇಳುವವರಿಗೆ ಒಂದು ಸಣ್ಣ ಕೆಲಸವನ್ನು ಸೂಚಿಸುತ್ತೇನೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳಕ್ಕೆ ಕಡಿವಾಣ ಹಾಕಲು 2025ರಲ್ಲಿ ಕರ್ನಾಟಕ ಸರಕಾರವೇ ಸುಗ್ರೀವಾಜ್ಞೆ ತರಬೇಕಾಯಿತು. ವಾರದ ಕಂತಿನ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂರುವ ಹೆಂಗಸರು ನಮ್ಮ ಮೊಹಲ್ಲಾಗಳಲ್ಲಿಯೂ ಇದ್ದಾರೆ. ಕಿಟ್‌ನ ಅಕ್ಕಿ ಹದಿನೈದು ದಿನಕ್ಕೆ ಮುಗಿಯುತ್ತದೆ, ಕಂತು ಪ್ರತಿ ವಾರ ಬರುತ್ತದೆ. ಮುಂದಿನ ರಮಝಾನ್‌ಗೆ ಮಸೀದಿ ಸಮಿತಿಯವರು ಕಿಟ್‌ನ ಪಟ್ಟಿ ಬರೆಯಲು ಕುಳಿತಾಗ, ಹೆಸರು, ವಿಳಾಸ, ಫೋನ್ ನಂಬರ್‌ನ ಪಕ್ಕದಲ್ಲಿ ಇನ್ನೂ ಕೆಲವು ಕಾಲಮುಗಳನ್ನು ಎಳೆಯಲಿ: ಈ ಮನೆಗೆ ಸಾಲವೆಷ್ಟು, ಬಡ್ಡಿ ಎಷ್ಟು, ದುಡಿಯುವವರಿಗೆ ಸಿಗುವ ಕೂಲಿ ಎಷ್ಟು, ಆ ಕೂಲಿಯನ್ನು ಕೊಡುವವರು ಯಾರು. ಆ ಕೊನೆಯ ಕಾಲಮಿನಲ್ಲಿ ಕೆಲವೊಮ್ಮೆ ಸಮಿತಿಯಲ್ಲೇ ಕುಳಿತಿರುವವರ ಹೆಸರು ಬರೆಯಬೇಕಾಗಿ ಬರಬಹುದು.